ಸೋಮವಿಕ್ರಯ

ಕ್ರಯವಿಕ್ರಯಗಳಿಲ್ಲದೆ ಲೋಕವ್ಯವಹಾರವು ನಡೆಯಲಾರದು. ರಾಗಿಯನ್ನೋ ತೆಂಗಿನಕಾಯಿಯನ್ನೋ ಆಲೂಗೆಡ್ಡೆಯನ್ನೋ ಬೆಳೆದವನು ಮಾರುತ್ತಾನೆ. ಕೊಂಡವನು ತನ್ನ ಲಾಭವನ್ನಿಟ್ಟುಕೊಂಡು ಮತ್ತೊಬ್ಬನಿಗೆ ಮಾರುತ್ತಾನೆ. ಇದರಲ್ಲಿ ದೋಷವನ್ನೆಣಿಸುವವರು ಯಾರೂ ಇಲ್ಲ. ಆದರೆ ಒಮ್ಮೆ ಕೈಸೇರಿದ ಮೇಲೆ ಮರಳಿ ಮಾರಲು ಮನಸ್ಸು ಒಪ್ಪದ ಪದಾರ್ಥಗಳೂ ಕೆಲವುಂಟು. ಹಾಸನದ ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ತೆರೆದು, ಬಲಿಪಾಡ್ಯಮಿಯಾದ ಬಳಿಕ ಮುಚ್ಚುವುದಷ್ಟೆ. ಆ ದಿನಗಳಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ತಂದ ಪ್ರಸಾದವನ್ನು ಮನೆಯವರು ನೆರೆಹೊರೆಗೆಲ್ಲ ಚಿಟಿಕೆಚಿಟಿಕೆಯಾಗಿ ಹಂಚುವರು. ಅದನ್ನೇ ಒಬ್ಬನು ಬೀದಿಯಲ್ಲಿ ಹರವಿಕೊಂಡು ಒಂದಕ್ಕೆ ಐದರಂತೆ ಮಾರಹೊರಟರೆ ನೋಡಿದವರ ಮನಸ್ಸು ಕಸಿವಿಸಿಗೊಳ್ಳುವುದು. ಹಾಗೇಕೆ ಆಗುವುದೆಂದು ಕೇಳಿದರೆ ಮಾತ್ರ ಉತ್ತರವು ಸುಲಭವಾಗಿ ದೊರೆಯದು.

ಕೆಲವು ವರ್ಷಗಳ ಕೆಳಗೆ ಅರಕಲಗೂಡಿನ ಒಂದು ಮನೆಯಲ್ಲಿ ಈ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದ್ದಿತು. ಅಲ್ಲಿ ಚರ್ಚೆಗೆ ಬಂದ ಪದಾರ್ಥವು ದೇವರ ಪ್ರಸಾದವಾಗಿರದೆ ಸಾಕ್ಷಾತ್ ಮದ್ಯವೇ ಆಗಿದ್ದಿತು. ವಾಚಕ ಮಹಾಶಯರು ಇಷ್ಟಕ್ಕೇ ಹುಬ್ಬು ಗಂಟಿಕ್ಕದೆ ಕಡೆಯವರೆಗೆ ಸೈರಿಸಬೇಕು. ಕುಡಿತದ ಗುಣದೋಷಗಳು ಪ್ರಕೃತ ವಿಷಯವಲ್ಲ.

ಆ ಮನೆಯ ಯಜಮಾನರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತವನ್ನು ಪಾಠಹೇಳಿ ನಿವೃತ್ತರಾದ ಪಂಡಿತರು. ಅವರ ಧರ್ಮಪತ್ನಿಯು ತೀರಿಕೊಂಡು ವರ್ಷ ತುಂಬುತ್ತ ಬಂದಿದ್ದಿತು. ಗಂಡುಮಕ್ಕಳಿಲ್ಲದುದರಿಂದ ಆಬ್ದಿಕವನ್ನು ತಾವೇ ನಡೆಸಬೇಕಾಗಿದ್ದಿತು. ಹೊಳೆನರಸೀಪುರದಿಂದ ಮಗಳೂ ಅಳಿಯನೂ ಬಂದಿದ್ದರು. ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಓದುತ್ತಿದ್ದ ಮೊಮ್ಮಗನೂ ರಜೆ ಪಡೆದು ಬಂದಿದ್ದನು. ಶ್ರಾದ್ಧವನ್ನು ಪಾವನಗೊಳಿಸುವ ವಸ್ತುಗಳು ಮೂರೆಂದು ಮನುಸ್ಮೃತಿಯು ಎಣಿಸುತ್ತದೆ: ಕುತಪ, ಎಳ್ಳು, ದೌಹಿತ್ರ. ಮಗಳ ಮಗನು ಪಂಕ್ತಿಯಲ್ಲಿ ಕುಳಿತಿರಬೇಕೆಂಬುದು ಪಂಡಿತರ ಹೆಬ್ಬಯಕೆ. ಅದರಲ್ಲಿಯೂ ಅವನು ಅಜ್ಜಿಯ ಕೈತುತ್ತಿನಲ್ಲಿಯೇ ಬೆಳೆದವನು. ಅವನ ಓದಿಗಾಗಿ ಅಳಿಯನು ಹೊಳೆನರಸೀಪುರದ ಮನೆಯನ್ನು ಬ್ಯಾಂಕಿಗೆ ಒತ್ತೆಯಿಟ್ಟಿದ್ದನು. ಸಾಲದ ಕಂತು ಎರಡು ತಿಂಗಳಿಂದ ನಿಂತಿದ್ದಿತು.

ಆಬ್ದಿಕಕ್ಕೆ ಎರಡು ದಿನವಿರುವಾಗ, ಮಧ್ಯಾಹ್ನದ ಊಟವಾದ ಮೇಲೆ, ಹುಡುಗನು ಜಗುಲಿಯಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದನು. ಆಚೆಯವರ ದನಿ ಗಟ್ಟಿಯಾಗಿದ್ದುದರಿಂದ ಒಳಗೆ ಒರಗಿದ್ದ ಪಂಡಿತರ ಕಿವಿಗೂ ಬಿದ್ದಿತು. ಒಂದಕ್ಕೆ ಐದು ಸಾವಿರ, ಆರಕ್ಕೆ ಮೂವತ್ತು ಸಾವಿರ, ಚನ್ನರಾಯಪಟ್ಟಣದಿಂದ ತಾನೇ ಬಂದು ಒಯ್ಯುವುದಾಗಿ ಆತನು ಹೇಳುತ್ತಿದ್ದನು.

“ಅದೇನಪ್ಪಾ ಆರು?” ಎಂದರು ಪಂಡಿತರು.

“ಏನೂ ಇಲ್ಲ, ತಾತ.”

“ಏನೂ ಇಲ್ಲದುದಕ್ಕೆ ಮೂವತ್ತು ಸಾವಿರ ಕೊಡುವ ಪುಣ್ಯಾತ್ಮ ಯಾರಯ್ಯಾ?”

ಹುಡುಗನು ಸುಳ್ಳಾಡುವವನಲ್ಲ. ಬೆಲ್ಜಿಯಂನಿಂದ 33 ಸೆಂಟಿಲೀಟರಿನ ಆರು ಬಿಯರು ಶೀಷೆಗಳನ್ನು ತಂದಿರುವುದಾಗಿಯೂ, ಸುಂಕವಿಲ್ಲದೆ ತರಬಹುದಾದ 2 ಲೀಟರಿನ ಮಿತಿಯೊಳಗೇ ಅವು ಇರುವುದಾಗಿಯೂ, ಈ ಮನೆಗೆ ತರುವುದು ಉಚಿತವಲ್ಲವೆಂದು ಹಾಸನದಲ್ಲಿ ಚಿಕ್ಕಪ್ಪನ ಮನೆಯಲ್ಲಿಟ್ಟು ಬಂದಿರುವುದಾಗಿಯೂ ಹೇಳಿದನು. ಪಂಡಿತರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ನಾಲ್ಕು ಕಾಸಿನ ಬಿಯರಿಗೆ ಅಷ್ಟೊಂದು ಬೆಲೆಯೇಕೆ?” ಎಂದು ಕೇಳಿದರು.

“ಅದನ್ನು ಮಾಡುವವರು ಸನ್ಯಾಸಿಗಳು, ತಾತ. ಮಠದಲ್ಲಿ ಮಾಡುತ್ತಾರೆ. ಎಲ್ಲರಿಗೂ ಸಿಕ್ಕುವುದಿಲ್ಲ.”

“ಸನ್ಯಾಸಿಗಳು ಸುರೆ ಮಾಡುವರೇ?” ಎಂದು ಪಂಡಿತರು ಎದ್ದು ಕುಳಿತರು.

ಕ್ರೈಸ್ತ ವಿರಕ್ತರ ಸುದ್ದಿಯು ಹಾಸನದ ಸೀಮೆಗೆ ಹೊಸದಲ್ಲ. ಗೊರೂರಿನ ಹೇಮಾವತಿ ಜಲಾಶಯವು ತುಂಬಿದಾಗ ನೀರಿನಲ್ಲಿ ಅರೆಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು 1860ರ ಸುಮಾರಿನಲ್ಲಿ ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು. ಆದರೆ ಅವರು ಊರೂರು ತಿರುಗಿ ಬೋಧಿಸುವವರು. ಹುಡುಗನು ಹೇಳಿದ ಸನ್ಯಾಸಿಗಳು ಮಠದ ಪ್ರಾಕಾರವನ್ನು ದಾಟಿ ಬರುವುದೇ ಅಪೂರ್ವ. ಅವರ ಮೂಲವು ಆರನೆಯ ಶತಮಾನದಲ್ಲಿ ಇಟಲಿಯಲ್ಲಿದ್ದ ಬೆನೆಡಿಕ್ಟನೆಂಬ ಸಾಧುವಿನ ನಿಯಮಗ್ರಂಥ. ಆತನ ಮತದಲ್ಲಿ ಭಿಕ್ಷೆಯಿಂದಲ್ಲದೆ ತನ್ನ ಕೈಗಳ ದುಡಿಮೆಯಿಂದ ಬದುಕುವವನೇ ನಿಜವಾದ ಸನ್ಯಾಸಿ. ಕಾಲಕ್ರಮದಲ್ಲಿ ನಿಯಮವು ಸಡಿಲವಾಗಲು, 1664ರಲ್ಲಿ ರಾನ್ಸೆ ಎಂಬ ಮಠಾಧಿಪತಿಯು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಲಾ ಟ್ರಾಪ್ ಮಠದಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿದನು. ಆ ಊರಿನ ಹೆಸರಿನಿಂದ ಇವರಿಗೆ ಟ್ರಾಪಿಸ್ಟರೆಂದು ಹೆಸರಾಯಿತು; 1892ರಲ್ಲಿ ಇವರದು ಪ್ರತ್ಯೇಕ ಪರಂಪರೆಯಾಯಿತು. ಬೆಳಗಿನ ಜಾವ ಎದ್ದು ಪ್ರಾರ್ಥನೆ, ಮಿತವಾದ ಮಾತು, ಹೊಲದಲ್ಲಿಯೋ ಕಾರ್ಯಶಾಲೆಯಲ್ಲಿಯೋ ದೇಹಶ್ರಮ ಇವು ಅವರ ದಿನಚರ್ಯೆ.

ದ್ರಾಕ್ಷಿ ಬೆಳೆಯದ ಉತ್ತರದ ಚಳಿದೇಶಗಳಲ್ಲಿ ಬಾರ್ಲಿಯು ಬೆಳೆಯುವುದು. ಅದನ್ನು ನೆನೆಸಿ ಮೊಳೆಯಿಸಿ, ಒಣಗಿಸಿ, ಕುದಿಸಿ, ಹಾಪ್ ಎಂಬ ಬಳ್ಳಿಯ ಹೂವನ್ನು ಕೂಡಿಸಿ ಹುಳಿಸಿದ ಬಿಯರು ಆ ದೇಶಗಳವರಿಗೆ ಆಹಾರದಂತೆಯೇ ರೂಢಿಯಾಗಿ ಬಂದಿತು. ಮಠದವರು ಅದನ್ನು ತಮಗಾಗಿ ಮಾಡಿಕೊಂಡು, ಮಿಕ್ಕುದನ್ನು ಮಾರಿ ಮಠದ ವೆಚ್ಚವನ್ನು ತೂಗಿಸತೊಡಗಿದರು. ಟ್ರಾಪಿಸ್ಟರ ಹೆಸರಿಗೆ ಬೆಲೆ ಬಂದಂತೆ ಹೊರಗಿನವರೂ ಆ ಹೆಸರನ್ನು ಬಳಸಲಾರಂಭಿಸಿದರು. ಅದನ್ನು ತಡೆಯಲು ಮಠಗಳು ಕೂಡಿ 1997ರಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಷಟ್ಕೋನದ ಮುದ್ರೆಯೊಂದನ್ನು ಏರ್ಪಡಿಸಿದವು. ಪದಾರ್ಥವು ಮಠದ ಆವರಣದಲ್ಲಿಯೇ ತಯಾರಾಗಬೇಕು. ಸನ್ಯಾಸಿಗಳೇ ಮಾಡಬೇಕು ಅಥವಾ ಅವರ ಮೇಲ್ವಿಚಾರಣೆಯಿರಬೇಕು. ಬಂದ ಆದಾಯವು ಅವರ ಜೀವನಕ್ಕೂ ಮಠಕ್ಕೂ ಸಂದು, ಉಳಿದುದು ದಾನಧರ್ಮಕ್ಕೆ ವಿನಿಯೋಗವಾಗಬೇಕು. ಬೆಲ್ಜಿಯಂನ ಆಖೆಲ್ ಎಂಬಲ್ಲಿ ಸನ್ಯಾಸಿಗಳೇ ಉಳಿಯದೆ ಹೋದುದರಿಂದ 2021ರಲ್ಲಿ ಅಲ್ಲಿಯ ಬಿಯರು ಈ ಮುದ್ರೆಯನ್ನು ಕಳೆದುಕೊಂಡಿತು. ಪಾತ್ರೆಗಳು ಅವೇ, ಪಾಕವೂ ಅದೇ. ಆದರೂ ಮುದ್ರೆಯು ಹೋಯಿತು.

ಮಾಡುವುದು ಬಿಯರೇ ಆಗಬೇಕೆಂಬ ನಿರ್ಬಂಧವೇನೂ ಅವರಲ್ಲಿಲ್ಲ. ಇದಕ್ಕೆ ನಿದರ್ಶನವು ನಮ್ಮ ನೆರೆಯಲ್ಲಿಯೇ ಇದೆ. ಬೆಲ್ಜಿಯಂನ ಸ್ಕೂರ್ಮೋಂ ಮಠವು ಷಿಮೇ ಎಂಬ ಬಿಯರಿಗೆ ಲೋಕಪ್ರಸಿದ್ಧವಾದುದು. ಆ ಮಠದ ಫ್ರಾನ್ಸಿಸ್ ಮಾಹ್ಯೂ ಎಂಬ ಯತಿಯು ಭರತಖಂಡಕ್ಕೆ ಬಂದು, 1958ರಲ್ಲಿ ಕೇರಳದ ವಾಗಮಣ್ ಬೆಟ್ಟಗಳಲ್ಲಿ ಕುರಿಶುಮಲ ಆಶ್ರಮವನ್ನು ಸ್ಥಾಪಿಸಿ, ಕಾವಿಯನ್ನುಟ್ಟು, ಫ್ರಾನ್ಸಿಸ್ ಆಚಾರ್ಯರೆನಿಸಿಕೊಂಡರು. ಅವರೊಡನೆ ಕೂಡಿದ ಬೀಡ್ ಗ್ರಿಫಿತ್ಸರು ಅದಕ್ಕೆ ಮೊದಲು ಬೆಂಗಳೂರಿನ ಬಳಿಯ ಕೆಂಗೇರಿಯಲ್ಲಿದ್ದವರು. ಕುರಿಶುಮಲದ ಸನ್ಯಾಸಿಗಳ ಜೀವನೋಪಾಯವು ಹಸು ಸಾಕಿ ಹಾಲು ಮಾರುವುದು. 1998ರಲ್ಲಿ ಆ ಆಶ್ರಮವು ಟ್ರಾಪಿಸ್ಟ್ ಪರಂಪರೆಯೊಳಗೇ ಸೇರಿತು. ಬಾರ್ಲಿಯ ದೇಶದಲ್ಲಿ ಬಿಯರು, ಹುಲ್ಲುಗಾವಲಿನ ಬೆಟ್ಟದಲ್ಲಿ ಹಾಲು. ದುಡಿದು ಉಣ್ಣಬೇಕೆಂಬ ನಿಯಮವು ಮಾತ್ರ ಒಂದೇ. ಈ ಹಾಲಿನ ಸುದ್ದಿಯನ್ನು ಮೊಮ್ಮಗನಿಂದ ಕೇಳಿದಾಗ ಪಂಡಿತರ ಮುಖವು ಸ್ವಲ್ಪ ತಿಳಿಯಾಯಿತು.

ಹುಡುಗನು ತಂದಿದ್ದುದು ಬೆಲ್ಜಿಯಂನ ಪಶ್ಚಿಮದ ಅಂಚಿನಲ್ಲಿ, ಹಾಪ್ ತೋಟಗಳ ನಡುವೆ, ವೆಸ್ಟ್‌ಫ್ಲೇಟರೆನ್ ಎಂಬ ಹಳ್ಳಿಯಲ್ಲಿರುವ ಸಂತ ಸಿಕ್ಸ್‌ಟಸ್ ಮಠದ ಬಿಯರು. ಮಠವು 1831ರಲ್ಲಿ ಸ್ಥಾಪಿತವಾದುದು. ವರ್ಷಕ್ಕೆ ಸುಮಾರು 6,000 ಹೆಕ್ಟೋಲೀಟರುಗಳಷ್ಟನ್ನು ಮಾತ್ರ ಮಾಡುವುದು ಅಲ್ಲಿಯ ಪದ್ಧತಿ. ಬೇಡಿಕೆ ಎಷ್ಟೇ ಏರಿದರೂ ಅದಕ್ಕೆ ತಕ್ಕಂತೆ ಉತ್ಪತ್ತಿಯನ್ನು ಏರಿಸುವುದಿಲ್ಲ. ತಾವು ಬದುಕುವುದಕ್ಕಾಗಿ ಬಿಯರು ಮಾಡುವವರಲ್ಲದೆ ಬಿಯರಿಗಾಗಿ ಬದುಕುವವರಲ್ಲವೆಂಬುದು ಅವರ ನಿಲುವು. 2005ರಲ್ಲಿ ಕುಡಿಯುವವರ ಮತಗಣನೆಯೊಂದರಲ್ಲಿ ಈ ಮಠದ “12” ಎಂಬ ಬಿಯರು ಪ್ರಪಂಚದಲ್ಲಿಯೇ ಶ್ರೇಷ್ಠವೆಂದು ಪ್ರಕಟವಾಯಿತು. ಆ ಕೂಡಲೇ ಮಠದ ದಾರಿಯಲ್ಲಿ ಮೋಟಾರುಗಳ ಸಾಲು ಮೈಲಿಗಟ್ಟಲೆ ಬೆಳೆಯಿತು. ದೂರವಾಣಿಯಲ್ಲಿ ಮೊದಲೇ ಸರದಿಯನ್ನು ಪಡೆದು, ಗೊತ್ತಾದ ದಿನ ಗೊತ್ತಾದ ಗಳಿಗೆಗೆ ಮಠದ ಬಾಗಿಲಿಗೆ ಬಂದವರಿಗೆ ಮಾತ್ರ ಮಿತಪ್ರಮಾಣದಲ್ಲಿ ಕೊಡುವುದೆಂದು ಮಠದವರು ನಿಯಮ ಮಾಡಿದರು. ಕೊಂಡವನು ಅದನ್ನು ಮೂರನೆಯವನಿಗೆ ಮಾರಕೂಡದೆಂಬುದು ಅದರೊಡನೆ ಬಂದ ಕಟ್ಟಳೆ.

ಕಟ್ಟಳೆಯನ್ನು ಮೀರುವವರು ಎಲ್ಲಿಲ್ಲ? ಶೀಷೆಗಳು ಅಂಗಡಿಗಳಿಗೆ ಜಾರಿದವು, ಸಮುದ್ರವನ್ನೂ ದಾಟಿದವು. ಮಠದವರು ತಾವಾಗಿಯೇ ಹೊರದೇಶಗಳಿಗೆ ಮಾರಿದುದು ಅಪೂರ್ವ. ಕಟ್ಟಡಗಳ ಜೀರ್ಣೋದ್ಧಾರಕ್ಕೆ ಹಣ ಬೇಕಾದಾಗ 2011ರಲ್ಲಿ ಬೆಲ್ಜಿಯಂನ ಅಂಗಡಿಗಳಲ್ಲಿಯೂ 2012ರಲ್ಲಿ ಅಮೆರಿಕ ಮೊದಲಾದ ದೇಶಗಳಲ್ಲಿಯೂ ಆರು ಶೀಷೆಗಳ ಪೆಟ್ಟಿಗೆಗಳನ್ನು ಮಾರಿ, ಕೆಲಸ ಮುಗಿಯುವಷ್ಟು ಹಣವಾಗಲು ನಿಲ್ಲಿಸಿಬಿಟ್ಟರು. 2018ರಲ್ಲಿ ಹಾಲೆಂಡಿನ ಅಂಗಡಿಗಳ ಒಂದು ಸಮೂಹವು ಮಧ್ಯವರ್ತಿಗಳಿಂದ ಸಾವಿರಾರು ಶೀಷೆಗಳನ್ನು ಕೂಡಿಸಿ, ಮಠದಲ್ಲಿ 2 ಯೂರೋಗಳಿಗೂ ಕಡಿಮೆ ಬೆಲೆಯದನ್ನು ಸುಮಾರು 10 ಯೂರೋಗಳಂತೆ ಮಾರಿತು. ಮಠದವರು ಬಹಿರಂಗವಾಗಿ ವ್ಯಸನಪಟ್ಟರು. 2019ರಲ್ಲಿ ಸರದಿಯ ಕ್ರಮವನ್ನೇ ಬದಲಾಯಿಸಿ, ಗಣಕಯಂತ್ರದ ಮೂಲಕ ಹೆಸರು ನೋಂದಾಯಿಸುವಂತೆ ಮಾಡಿ, ಹೊಸಬರಿಗೂ ಬಹುಕಾಲ ಪಡೆಯದವರಿಗೂ ಮೊದಲ ಪಾಲು ಸಲ್ಲುವಂತೆ ಏರ್ಪಾಡುಮಾಡಿದರು.

ಅವರು ಬೆಲೆಯನ್ನೇ ಹತ್ತು ಯೂರೋಗಳಿಗೆ ಏರಿಸಿದ್ದರೆ ಈ ತೊಡಕೆಲ್ಲವೂ ಒಂದು ದಿನದಲ್ಲಿ ತೀರುತ್ತಿತ್ತಲ್ಲವೆ ಎಂದು ಅರ್ಥಶಾಸ್ತ್ರ ಬಲ್ಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬೆನೆಡಿಕ್ಟನ ನಿಯಮಗ್ರಂಥವು ಮಠದಲ್ಲಿ ಮಾಡಿದ ಪದಾರ್ಥಕ್ಕೆ ಹೊರಗಿನವರ ಬೆಲೆಗಿಂತ ತುಸು ಕಡಿಮೆಯನ್ನೇ ಇಡಬೇಕೆಂದೂ, ಲೋಭವು ಒಳಗೆ ನುಸುಳಬಾರದೆಂದೂ ವಿಧಿಸಿದೆ. ಬೆಲೆಯು ಕಡಿಮೆಯಾಗಿರುವುದು ವ್ಯಾಪಾರ ತಿಳಿಯದುದರಿಂದಲ್ಲ. ಅದು ಅವರ ವ್ರತದ ಒಂದು ಅಂಗ.

ಹುಡುಗನು ಮೂವರು ಗೆಳೆಯರೊಡನೆ ಕೂಡಿ ಹೀಗೆ ಸರದಿ ಹಿಡಿದು, 24 ಶೀಷೆಗಳ ಒಂದು ಮರದ ಪೆಟ್ಟಿಗೆಯನ್ನು ತಂದು ಆರಾರಂತೆ ಹಂಚಿಕೊಂಡಿದ್ದನು. ಹೆಸರು ನೋಂದಾಯಿಸಿದ್ದು ಅವನದೇ.

“ಮರಳಿ ಮಾರುವುದಿಲ್ಲವೆಂದು ಮಾತು ಕೊಟ್ಟೆಯೋ?” ಎಂದು ಪಂಡಿತರು ಕೇಳಿದರು.

“ಮಾತೇನೂ ಇಲ್ಲ, ತಾತ. ಒಪ್ಪಿದ್ದೇನೆಂದು ಒಂದು ಗುಂಡಿ ಒತ್ತುವುದು. ಎಲ್ಲರೂ ಓದದೆಯೇ ಒತ್ತುತ್ತಾರೆ.”

“ಒತ್ತಿದ ಬೆರಳು ಯಾರದು?”

ಹುಡುಗನು ಸುಮ್ಮನಾದನು. ತುಸು ಹೊತ್ತಿನ ಮೇಲೆ, ಎರಡು ಕಂತಿನ ಹಣವಾಗುವುದೆಂದೂ, ಅಪ್ಪನು ಬ್ಯಾಂಕಿನವರ ಮುಂದೆ ನಿಲ್ಲುವುದು ತಪ್ಪುವುದೆಂದೂ ತಗ್ಗಿದ ದನಿಯಲ್ಲಿ ಹೇಳಿದನು. ಪಂಡಿತರಿಗೂ ಅದು ತಿಳಿಯದ ವಿಷಯವಾಗಿರಲಿಲ್ಲ. ಲೈಸೆನ್ಸಿಲ್ಲದೆ ಮದ್ಯವನ್ನು ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧವೆಂದು ಅಳಿಯನು ನಡುವೆ ಹೇಳಿದನು. ಪಂಡಿತರು ಆ ಮಾತನ್ನು ಹಿಡಿಯಲಿಲ್ಲ. ಭಯದಿಂದ ಬಿಟ್ಟರೆ ಬಿಟ್ಟಂತಾಗುವುದಿಲ್ಲವೆಂದು ಅವರ ಎಣಿಕೆಯಾಗಿದ್ದಿರಬೇಕು.

ಆ ಸಂಜೆ ಅವರು ಪೆಟ್ಟಿಗೆಯಿಂದ ಎರಡು ಪುಸ್ತಕಗಳನ್ನು ತೆಗೆದರು. ಒಂದು, ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ. ಅದರಲ್ಲಿ ಸುರಾಧ್ಯಕ್ಷನ ಪ್ರಕರಣವುಂಟು. ಸುರೆಯನ್ನು ಊರಿನಿಂದ ಹೊರಕ್ಕೆ ಸಾಗಿಸಬಾರದು. ಶುಚಿಯುಳ್ಳವರೆಂದು ಗೊತ್ತಾದವರು ಮಾತ್ರ ಗುರುತುಮಾಡಿದ ಸ್ವಲ್ಪ ಪ್ರಮಾಣವನ್ನು ಕೊಂಡೊಯ್ಯಬಹುದು ಎಂಬುದು ಅಲ್ಲಿಯ ಅಭಿಪ್ರಾಯ. “ನಿನ್ನ ಸನ್ಯಾಸಿಗಳಿಗೂ ಚಾಣಕ್ಯನಿಗೂ ಈ ಒಂದು ವಿಷಯದಲ್ಲಿ ಒಮ್ಮತ ನೋಡು” ಎಂದು ಪಂಡಿತರು ನಕ್ಕರು.

ಇನ್ನೊಂದು ಮನುಸ್ಮೃತಿ. ಅದರ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಕರೆಯಬಾರದವರ ದೊಡ್ಡ ಪಟ್ಟಿಯಿದೆ. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು ಇವರ ಜೊತೆಯಲ್ಲಿಯೇ ಸೋಮವನ್ನು ಮಾರುವವನೂ ಬರುತ್ತಾನೆ. ಇದರ ಸ್ವಾರಸ್ಯವು ಸೋಮಯಾಗದ ಕ್ರಮವನ್ನು ಬಲ್ಲವರಿಗೆ ತಿಳಿಯುವುದು. ಯಾಗಕ್ಕೆ ಸೋಮಲತೆಯು ಬೇಕೇಬೇಕು. ಅದನ್ನು ಕ್ರಯಕೊಟ್ಟೇ ಪಡೆಯಬೇಕು. ಅಧ್ವರ್ಯುವು ಮಾರುವವನೊಡನೆ ಚೌಕಾಶಿ ಮಾಡುತ್ತಾನೆ. ಹಸುವಿನ ಹದಿನಾರನೆಯ ಒಂದಂಶಕ್ಕೆ ಕೊಡುವೆಯಾ, ಒಂದು ಗೊರಸಿಗೆ ಕೊಡುವೆಯಾ, ಒಂದು ಕಾಲಿಗೆ, ಅರ್ಧಕ್ಕೆ ಎಂದು ಏರಿಸುತ್ತ ಹೋಗಿ, ಕಡೆಗೆ ಇಡಿಯ ಹಸುವಿಗೆ ಕೊಳ್ಳುತ್ತಾನೆ. ಕೊಂಡಾದ ಮೇಲೆ, ಕೆಲವು ಸೂತ್ರಗಳ ಮತದಂತೆ, ಮಾರಿದವನನ್ನು ಹೊಡೆದಟ್ಟುವುದೂ ಉಂಟು. ಕೊಂಡವನು ಯಜಮಾನನಾಗಿ ಪುಣ್ಯವನ್ನು ಪಡೆಯುವನು. ಮಾರಿದವನಿಗೆ ಪಂಕ್ತಿಯಲ್ಲಿ ಸ್ಥಳವಿಲ್ಲ.

ಹುಡುಗನೂ ಪಂಡಿತರ ಮೊಮ್ಮಗನೇ. “ಸೋಮ ಬೇರೆ, ಸುರೆ ಬೇರೆ ಅಲ್ಲವೇ ತಾತ? ಸೋಮವು ಸತ್ಯ, ಸುರೆಯು ಅನೃತ ಎಂದು ಶತಪಥಬ್ರಾಹ್ಮಣದಲ್ಲಿ ಇರುವುದಾಗಿ ನೀವೇ ಹೇಳಿದ್ದಿರಿ. ಇದು ಸುರೆ. ಸುರೆ ಮಾರಿದರೆ ಸೋಮವಿಕ್ರಯ ಹೇಗಾಗುತ್ತದೆ?”

“ಸರಿಯಾಗಿ ಹೇಳಿದೆ. ಶೀಷೆಯೊಳಗೆ ಇರುವುದು ಸುರೆಯೇ. ಅದಕ್ಕೆ ಯಾರೂ ಐದು ಸಾವಿರ ಕೊಡುವುದಿಲ್ಲ, ಮಗು. ಸುರೆ ಚನ್ನರಾಯಪಟ್ಟಣದಲ್ಲಿಯೇ ಬೇಕಾದಷ್ಟು ಸಿಕ್ಕುತ್ತದೆ. ಆ ಸನ್ಯಾಸಿಗಳು ಬೇಕೆಂದೇ ಕಡಿಮೆ ಬೆಲೆಗೆ ಕೊಟ್ಟರಲ್ಲ, ಸರದಿಯಲ್ಲಿ ನಿಂತವರಿಗೆಲ್ಲ ಒಂದೇ ಸಮ ಕೊಟ್ಟರಲ್ಲ, ಅದಕ್ಕೆ ಆತನು ಬೆಲೆ ಕಟ್ಟುತ್ತಿದ್ದಾನೆ. ಅದು ನಿನ್ನದಲ್ಲ.”

ಇಷ್ಟು ಹೇಳಿ ಪಂಡಿತರು ಪುಸ್ತಕವನ್ನು ಮುಚ್ಚಲಿಲ್ಲ. ಅದೇ ಪಟ್ಟಿಯಲ್ಲಿ ಎರಡು ಶ್ಲೋಕಗಳಷ್ಟು ಹಿಂದಕ್ಕೆ ಬೆರಳಿಟ್ಟು, ಓದೆಂದು ಹುಡುಗನ ಕಡೆಗೆ ತಿರುಗಿಸಿದರು. ಅಲ್ಲಿದ್ದವನು ಭೃತಕಾಧ್ಯಾಪಕ, ಸಂಬಳ ಪಡೆದು ಪಾಠ ಹೇಳುವವನು.

“ಇದು ನಾನು. ಸಂಬಳವಿಲ್ಲದೆ ನಿನ್ನಮ್ಮನನ್ನು ಸಾಕುವುದಾಗುತ್ತಿರಲಿಲ್ಲ. ಅದಕ್ಕೆ ನನಗೆ ನಾಚಿಕೆಯಿಲ್ಲ. ನಿನ್ನ ಸನ್ಯಾಸಿಗಳೂ ಹಾಗೆಯೇ, ಬದುಕಲು ದುಡಿಯುವವರು. ಆದರೆ ಸಂಜೆಯ ಪಾಠವನ್ನು ಈ ಜಗುಲಿಯಲ್ಲಿ ಎಂದೂ ಹಣಕ್ಕೆ ಹೇಳಿದವನಲ್ಲ. ನಿನ್ನಮ್ಮನ ಮದುವೆ ಗೊತ್ತಾದ ವರ್ಷ ಮಾತ್ರ ಹಣ ತೆಗೆದುಕೊಂಡೆ. ಅನುಕೂಲವಿದ್ದವರ ಮಕ್ಕಳು ಹೆಚ್ಚಾಗಿ ಬಂದರು. ಅದುವರೆಗೆ ಬರುತ್ತಿದ್ದ ಇಬ್ಬರು ಹುಡುಗರು ಬರುವುದನ್ನು ನಿಲ್ಲಿಸಿದರು. ಯಾರೂ ಅವರನ್ನು ಬರಬೇಡಿ ಎನ್ನಲಿಲ್ಲ. ಮದುವೆ ಚೆನ್ನಾಗಿಯೇ ನಡೆಯಿತು. ನಿನ್ನಜ್ಜಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆ ಇಬ್ಬರ ಹೆಸರನ್ನು ಕೊನೆಯವರೆಗೂ ಮರೆಯಲಿಲ್ಲ.”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಈ ಮಾತನ್ನು ಮೊದಲ ಬಾರಿಗೆ ಕೇಳಿದಳು. ತನ್ನ ಮದುವೆಯ ಖರ್ಚಿನ ಆ ಭಾಗವು ಎಲ್ಲಿಂದ ಬಂದಿತೆಂಬುದು ಆಕೆಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗನು ಚನ್ನರಾಯಪಟ್ಟಣಕ್ಕೆ ಫೋನು ಮಾಡಿ, ಮಾರುವುದಿಲ್ಲವೆಂದು ತಿಳಿಸಿದನು. ಬೆಲೆಯು ಆರು ಸಾವಿರಕ್ಕೆ ಏರಿತು. ಆಗಲೂ ಒಪ್ಪದೆ, ಇಷ್ಟು ಆಸೆಪಟ್ಟವರಿಗೆ ನಿರಾಶೆಮಾಡಬಾರದೆಂದು, ಒಂದು ಶೀಷೆಯನ್ನು ಹಣವಿಲ್ಲದೆಯೇ ಕೊಡುವುದಾಗಿಯೂ, ಮಾರದೆ ತಾವೇ ಕುಡಿಯಬೇಕೆಂದೂ ಹೇಳಿದನು. ಆಚೆಯಿಂದ ನಗು ಕೇಳಿಸಿತು. “ಅಯ್ಯೋ, ನನಗೆ ಕುಡಿಯುವ ಅಭ್ಯಾಸವಿಲ್ಲ ಸ್ವಾಮಿ” ಎಂದು ಆತನು ಫೋನನ್ನು ಇಟ್ಟನು.

ಆಬ್ದಿಕವು ಕ್ರಮವಾಗಿ ನಡೆಯಿತು. ದೌಹಿತ್ರನು ಪಂಕ್ತಿಯಲ್ಲಿ ಕುಳಿತನು. ಬಡಿಸುವಾಗ ಪಂಡಿತರು ಅವನ ಎಲೆಯ ಮುಂದೆ ತುಸು ಹೆಚ್ಚು ಹೊತ್ತು ನಿಂತರೆಂದು ಕಂಡವರು ಹೇಳುತ್ತಾರೆ. ಆರು ಶೀಷೆಗಳು ಹಾಸನದಿಂದ ಬೆಂಗಳೂರಿಗೆ ಹೋಗಿ, ಹುಡುಗನ ಸಹಪಾಠಿಗಳ ನಡುವೆ ಬಿಟ್ಟಿಯಾಗಿಯೇ ತೀರಿದವು. ನಿಂತಿದ್ದ ಎರಡು ಕಂತುಗಳಲ್ಲಿ ಒಂದನ್ನು ಪಂಡಿತರು ತಮ್ಮ ಪಿಂಚಣಿಯಿಂದ ಕಟ್ಟಿದರು. ಇನ್ನೊಂದನ್ನು ಹುಡುಗನು ಘೆಂಟಿಗೆ ಹಿಂದಿರುಗಿ, ಶನಿವಾರ ಭಾನುವಾರಗಳಲ್ಲಿ ಒಂದು ಹೋಟಲಿನಲ್ಲಿ ಪಾತ್ರೆ ತೊಳೆದು, ಮೂರು ತಿಂಗಳಲ್ಲಿ ಕೂಡಿಸಿ ಕಳುಹಿಸಿದನು. ತಡವಾದುದಕ್ಕೆ ಬ್ಯಾಂಕಿನವರು ದಂಡವನ್ನೂ ಹಾಕಿದರು. ಧರ್ಮವು ಈ ಮನೆಯವರಿಗೆ ಹಣದ ರೂಪದಲ್ಲಿ ಏನನ್ನೂ ಹಿಂದಿರುಗಿಸಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಪುನರ್ವಿಕ್ರಯದಲ್ಲಿ ಮನಸ್ಸು ಏಕೆ ಕಸಿವಿಸಿಗೊಳ್ಳುವುದೆಂಬ ಮೊದಲಿನ ಪ್ರಶ್ನೆಗೆ ಈ ಮನೆಯ ವೃತ್ತಾಂತವು ಒಂದು ಉತ್ತರವನ್ನು ಕೊಡುವಂತೆ ತೋರುವುದು. ಒಬ್ಬನು ಬೇಕೆಂದೇ ಲಾಭವನ್ನು ಬಿಟ್ಟು ಕೊಟ್ಟ ಪದಾರ್ಥದಲ್ಲಿ, ಆ ಬಿಟ್ಟ ಲಾಭವು ಮುಂದಿನ ಸರದಿಯವನಿಗೆಂದು ಇರಿಸಿದ ಪಾಲು. ಅದನ್ನು ನಡುವಿನವನು ಬಾಚಿಕೊಂಡಾಗ ಕೊಟ್ಟವನಿಗೆ ನಷ್ಟವಿಲ್ಲ, ಹಣವುಳ್ಳ ಕೊಳ್ಳುವವನಿಗೂ ನಷ್ಟವಿಲ್ಲ. ಸಾಲಿನ ಕೊನೆಯಲ್ಲಿ ನಿಂತಿದ್ದವನು ಮಾತ್ರ ಒಂದು ಮಾತೂ ಆಡದೆ ಹಿಂದಿರುಗಿ ಹೋಗುತ್ತಾನೆ. ವೆಸ್ಟ್‌ಫ್ಲೇಟರೆನ್ನಿನ ಬಾಗಿಲಲ್ಲಾದರೂ ಅಷ್ಟೆ, ಹಾಸನಾಂಬೆಯ ಸಾಲಿನಲ್ಲಾದರೂ ಅಷ್ಟೆ, ಅರಕಲಗೂಡಿನ ಒಂದು ಜಗುಲಿಯಲ್ಲಾದರೂ ಅಷ್ಟೆ.

ಆ ಜಗುಲಿಯಲ್ಲಿ ಈಗಲೂ ಸಂಜೆ ದೀಪ ಹಚ್ಚಿದ ಮೇಲೆ ನಾಲ್ಕಾರು ಮಕ್ಕಳು ಬಂದು ಕುಳಿತು, ರಾಮಃ ರಾಮೌ ರಾಮಾಃ ಎಂದು ಶಬ್ದರೂಪಗಳನ್ನು ಹೇಳುತ್ತಾರೆ. ಪಂಡಿತರು ಹಣವನ್ನು ಕೇಳುವುದಿಲ್ಲ. ಪಾಠಕ್ಕೆ ಮೊದಲು ಅಂದಿಗೆ ಬಾರದ ಮಕ್ಕಳು ಯಾರೆಂಬುದನ್ನು ಮಾತ್ರ ತಪ್ಪದೆ ವಿಚಾರಿಸುತ್ತಾರೆ.